ಹಳೇ ಗ್ಯಾಸ್ ಗ್ರಿಲ್ ತಂದು ಸರಿ ಮಾಡೋದಾದ್ರೆ ಯಾವುದನ್ನ ತರಬೇಕು?

ಏಪ್ರಿಲ್ ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಹಳೇ ಗ್ರಿಲ್‌ಗಳ, ಅಂದ್ರೆ ಹಿತ್ತಲಲ್ಲಿಟ್ಟು ಜೋಳ, ಕೋಳಿ ಸುಡುವ ಗ್ಯಾಸ್ ಒಲೆಗಳ ಫೋಟೋ ಬರೋಕೆ ಶುರುವಾಗುತ್ತದೆ. ಶಿಕಾಗೋ ಸುತ್ತಮುತ್ತ ಹಿಮ ಕರಗಿ, ಜನ ಗರಾಜ್ ಖಾಲಿ ಮಾಡುವ ಕಾಲ ಅದು. ಮೊನ್ನೆ ಗೆಳೆಯನೊಬ್ಬ ಒಟ್ಟಿಗೆ ಮೂರು ಫೋಟೋ ಕಳಿಸಿದ. ಒಂದು, ಬದಿಯಲ್ಲಿ ಮರದ ಪಟ್ಟಿಗಳಿರುವ ತೊಂಬತ್ತರ ದಶಕದ ವೆಬರ್ ಕಂಪನಿಯ ಜೆನೆಸಿಸ್, 60 ಡಾಲರ್. ಇನ್ನೊಂದು, ವೆಬರ್ ಜೆನೆಸಿಸ್ ಸಿಲ್ವರ್ ಬಿ, 100 ಡಾಲರ್. ಮೂರನೆಯದು ಥಳಥಳ ಹೊಳೆಯುವ ಐದು ಬರ್ನರ್‌ನ ಸ್ಟೀಲ್ ಗ್ರಿಲ್, ಅದು ಫ್ರೀ. "ಮೂರನೇದೇ ತಗೊಳ್ಳೋಣ ಅಲ್ವಾ ಗುರು, ನೋಡೋಕೂ ಹೊಸದರ ಥರ ಇದೆ" ಅಂದ. ಬಿಟ್ಟಿ ಸಿಕ್ಕಿದ್ರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನೋ ಜಾತಿ ನಮ್ಮದು, ಏನು ಮಾಡೋಕಾಗುತ್ತೆ.

ಅವನನ್ನ ಬೈಯೋ ಹಾಗೂ ಇಲ್ಲ, ನನ್ನ ಮೊದಲ ಗ್ರಿಲ್ ಕೂಡ ಅಂಥದ್ದೇ. ಪಕ್ಕದ ಬೀದಿಯಲ್ಲಿ ಕಸದ ಗಾಡಿ ಬರುವ ಹಿಂದಿನ ರಾತ್ರಿ ಹೊರಗಿಟ್ಟಿದ್ದರು. ಇಬ್ಬರು ಸೇರಿ ತಳ್ಳಿಕೊಂಡು ಬಂದೆವು. ಒಂದು ವಾರ ಉಜ್ಜಿದೆ, ಮುಚ್ಚಳ ಕನ್ನಡಿ ಥರ ಆಯ್ತು. ಆಮೇಲೆ ಒಳಗಿನ ತಟ್ಟೆ ತೆಗೆದು ನೋಡಿದರೆ ಕೆಳಗಿನ ಪೆಟ್ಟಿಗೆಯ ತಳದಲ್ಲಿ ಅಂಗೈಯಷ್ಟು ತೂತು. ತುಕ್ಕು ಹಪ್ಪಳದ ಥರ ಪುಡಿಪುಡಿ ಉದುರುತ್ತಿತ್ತು. ಬರ್ನರ್ ಹುಡುಕಿದರೆ ಆ ಮಾಡೆಲ್‌ನದ್ದು ಎಲ್ಲೂ ಇಲ್ಲ, ಆ ಹೆಸರಿನ ಕಂಪನಿಯೇ ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ನಾನೇ ಅದನ್ನ ಕಸದ ಗಾಡಿಯ ಹಿಂದಿನ ರಾತ್ರಿ ಹೊರಗಿಟ್ಟೆ. ಬೆಳಗ್ಗೆ ನೋಡಿದರೆ ಮಾಯ. ಇನ್ಯಾರೋ ನನ್ನ ಥರದವರು ಒಯ್ದಿದ್ದರು.

ಅದಾದ ಮೇಲೆ ನಾಲ್ಕು ಗ್ರಿಲ್ ಬಿಚ್ಚಿ ಜೋಡಿಸಿದ್ದೇನೆ. ಒಂದು ನಮ್ಮನೆಯಲ್ಲಿದೆ, ಮೂರು ಗೆಳೆಯರ ಮನೆಯಲ್ಲಿ. ಆ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲು ಏನು ನೋಡಬೇಕು

ಗ್ರಿಲ್‌ನಲ್ಲಿ ಎರಡು ಥರದ ಭಾಗ ಇರುತ್ತವೆ. ಬರ್ನರ್, ಅದರ ಮೇಲಿನ ಲೋಹದ ಪಟ್ಟಿಗಳು, ಆಹಾರ ಇಡುವ ಜಾಲರಿ, ಕಿಡಿ ಹೊತ್ತಿಸುವ ಇಗ್ನೈಟರ್, ಗ್ಯಾಸ್ ಪೈಪು, ರೆಗ್ಯುಲೇಟರ್, ಇವೆಲ್ಲ ಸವೆದು ಹೋಗುವ ಸಾಮಾನು. ಸ್ಕೂಟರ್‌ಗೆ ಬ್ರೇಕ್ ಶೂ ಹಾಕಿಸಿದ ಹಾಗೆ ಬದಲಾಯಿಸುತ್ತಾ ಹೋಗುವುದು. ಇವು ಹಾಳಾಗಿದ್ದರೆ ಬೇಜಾರು ಬೇಡ, ಬೆಲೆ ಇಳಿಸೋಕೆ ಒಳ್ಳೇ ಕಾರಣ ಅಷ್ಟೇ. ಇನ್ನೊಂದು ಥರದ್ದು, ಬೆಂಕಿ ಉರಿಯುವ ಕೆಳಗಿನ ಪೆಟ್ಟಿಗೆ, ಮೇಲಿನ ಮುಚ್ಚಳ, ಇವನ್ನ ಹೊತ್ತು ನಿಂತ ಫ್ರೇಮ್. ಇವು ಹೋದರೆ ಗ್ರಿಲ್ ಹೋಯ್ತು.

ಹಾಗಾಗಿ ನೋಡೋಕೆ ಹೋಗುವಾಗ ಫ್ರಿಜ್ ಮೇಲಿನ ಒಂದು ಮ್ಯಾಗ್ನೆಟ್ ಜೇಬಲ್ಲಿ ಹಾಕಿಕೊಂಡು ಹೋಗಿ. ಕೆಳಗಿನ ಪೆಟ್ಟಿಗೆಗೆ ಹಿಡಿದು ನೋಡಿ. ಅಂಟಲಿಲ್ಲ, ಗೋಡೆ ದಪ್ಪಗಿದೆ ಅಂದ್ರೆ ಎರಕದ ಅಲ್ಯೂಮಿನಿಯಂ, ಅದು ತುಕ್ಕು ಹಿಡಿಯಲ್ಲ. ಅಂಟಿತು ಅಂದ್ರೆ ತಗಡು, ಅದಕ್ಕೆ ಆಯಸ್ಸು ಕಡಿಮೆ. ಅಗ್ಗದ ಗ್ರಿಲ್‌ಗಳ ಹೊಳೆಯುವ ಸ್ಟೀಲಿಗೂ ಎಷ್ಟೋ ಸಲ ಮ್ಯಾಗ್ನೆಟ್ ಅಂಟುತ್ತದೆ. ಅದೂ ಸ್ಟೇನ್‌ಲೆಸ್ಸೇ, ಆದರೆ ಕಡಿಮೆ ದರ್ಜೆಯದು, ಮಳೆ ಹಿಮಕ್ಕೆ ಬೇಗ ಕಲೆ ಬೀಳುತ್ತದೆ.

ಆಮೇಲೆ ಬಗ್ಗಿ ನೋಡಿ. ಫ್ರೇಮಿನ ಕೆಳಗಿನ ಅಡ್ಡಪಟ್ಟಿ, ಚಕ್ರ ಸೇರುವ ಜಾಗ, ಸಿಲಿಂಡರ್ ಕೂರುವ ಜಾಗ, ಈ ಮೂರು ಕಡೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಒಳಗೆ ಇಳಿಯಿತಾ? ಥ್ಯಾಂಕ್ಸ್ ಹೇಳಿ ಮನೆಗೆ ಬನ್ನಿ. ಮೇಲ್ಮೈಯ ತುಕ್ಕಿಗೆ ಮಾತ್ರ ಹೆದರಬೇಡಿ, ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಜಾಸ್ತಿ ಶಾಖ ತಡೆಯುವ ಪೇಂಟ್ ಹೊಡೆದರೆ ಹೋಗುತ್ತದೆ.

ಮೂರನೆಯದು ಬಿಡಿಭಾಗ. ಮಾಡೆಲ್ ಹೆಸರು ಹಾಕಿ 'ಬರ್ನರ್' ಅಂತ ಹುಡುಕಿ. ನಾಲ್ಕೈದು ಕಡೆ ಸಿಕ್ಕರೆ ಮುಂದುವರಿಯಿರಿ, ಸಿಗಲಿಲ್ಲ ಅಂದ್ರೆ ಬಿಡಿ. ಮಾರುವವರಿಗೆ ಮಾಡೆಲ್ ಗೊತ್ತಿರಲ್ಲ, "ವೆಬರ್" ಅಂತಷ್ಟೇ ಬರೆದಿರುತ್ತಾರೆ. ಸೀರಿಯಲ್ ನಂಬರ್ ಇರುವ ಸ್ಟಿಕ್ಕರಿನ ಫೋಟೋ ಕೇಳಿ.

ನಾಲ್ಕನೆಯದನ್ನ ಎಷ್ಟೋ ಜನ ಮರೀತಾರೆ. ಅದು ಪ್ರೊಪೇನ್ ಗ್ರಿಲ್ಲಾ, ನ್ಯಾಚುರಲ್ ಗ್ಯಾಸ್ ಗ್ರಿಲ್ಲಾ? ಮನೆಯ ಪೈಪಿನ ಗ್ಯಾಸ್ ಕಡಿಮೆ ಒತ್ತಡದಲ್ಲಿ ಬರುತ್ತದೆ, ಅದಕ್ಕೆ ಬರ್ನರ್‌ಗೆ ಗ್ಯಾಸ್ ಬಿಡುವ ತೂತು ದೊಡ್ಡದಿರುತ್ತದೆ. ಅಂಥದ್ದಕ್ಕೆ ಸಿಲಿಂಡರಿನ ಪ್ರೊಪೇನ್ ಕೊಟ್ಟರೆ ಜ್ವಾಲೆ ಮುಖಕ್ಕೆ ಬರುತ್ತದೆ. ಪೈಪಿನ ತುದಿಯಲ್ಲಿ ರೆಗ್ಯುಲೇಟರ್ ಇಲ್ಲದೆ ಬರೀ ಹಿತ್ತಾಳೆಯ ಕನೆಕ್ಟರ್ ಇದ್ದರೆ ಅದು ನ್ಯಾಚುರಲ್ ಗ್ಯಾಸಿನದು. ಒಂದನ್ನ ಇನ್ನೊಂದಕ್ಕೆ ಬದಲಾಯಿಸ್ತೀನಿ ಅನ್ನೋ ಸಾಹಸ ಬೇಡ. ನಿಮ್ಮ ಹಿತ್ತಲಲ್ಲಿ ಯಾವ ಗ್ಯಾಸ್ ಇದೆಯೋ ಆ ಗ್ರಿಲ್ಲೇ ಹುಡುಕಿ.

ಕೊನೆಯದು ನಮ್ಮವರಿಗೆ ಮಾತ್ರ ಬರುವ ಪ್ರಶ್ನೆ. ಇಪ್ಪತ್ತು ಮೂವತ್ತು ವರ್ಷ ಇನ್ನೊಬ್ಬರು ಮಾಂಸ ಸುಟ್ಟ ಗ್ರಿಲ್ ಸಸ್ಯಾಹಾರಿಗಳ ಮನೆಗೆ ತರಬಹುದಾ? ನಮ್ಮ ಅತ್ತೆ ಊರಿಂದ ಬಂದಾಗ ಮೊದಲು ಕೇಳಿದ್ದೇ ಇದು. ನಾನು ಹೇಳಿದ್ದು ಇಷ್ಟು: "ಜೋಳ ಮುಟ್ಟೋ ಜಾಲರಿ ಹೊಸದು, ಅದರ ಕೆಳಗಿನ ಪಟ್ಟಿ ಹೊಸದು, ಬರ್ನರ್ ಹೊಸದು. ಪೆಟ್ಟಿಗೆ ಮಾತ್ರ ಹಳೇದು, ಅದನ್ನ ಕೆರೆದು, ತೊಳೆದು, ಒಂದು ಗಂಟೆ ಬೆಂಕಿ ಕೊಟ್ಟಿದೀನಿ." ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಬೆಂಕಿಗೆ ಯಾವ ಮೈಲಿಗೆ" ಅಂದು ಬದನೆಕಾಯಿ ತಂದುಕೊಟ್ಟರು. ನಿಮ್ಮ ಮನೆಯಲ್ಲಿ ಇದಕ್ಕೆ ಒಪ್ಪದಿದ್ದರೆ ಮುಂದೆ ಓದೋ ಶ್ರಮ ಬೇಡ, ಹೊಸದೇ ತಗೊಳ್ಳಿ. ಒಪ್ಪುತ್ತಾರೆ ಅಂದ್ರೆ ಆಹಾರ ಮುಟ್ಟುವ ಭಾಗವೆಲ್ಲ ಸುಲಭವಾಗಿ ಹೊಸದು ಸಿಗುವ ಗ್ರಿಲ್ ಆರಿಸಿ.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ಬಾಲ್ಕನಿಯಲ್ಲಿ ಪ್ರೊಪೇನ್ ಗ್ರಿಲ್ ಇಡೋಕೆ ತುಂಬಾ ಕಡೆ ಬಿಡುವುದಿಲ್ಲ. ಬಾಡಿಗೆ ಕರಾರು ಓದಿ ಆಮೇಲೆ ಗ್ರಿಲ್ ನೋಡಿ.

ಮರದ ಪಟ್ಟಿಯ ಹಳೇ ಜೆನೆಸಿಸ್

ವೆಬರ್ ನಮ್ಮ ಇಲಿನಾಯ್‌ನದ್ದೇ ಕಂಪನಿ. 1952ರಲ್ಲಿ ಜಾರ್ಜ್ ಸ್ಟೀಫನ್ ಅನ್ನುವವರು ದುಂಡನೆಯ ಇದ್ದಿಲು ಗ್ರಿಲ್ ಮಾಡಿದ್ದರಿಂದ ಶುರುವಾದದ್ದು. ಗ್ಯಾಸಿನ ಜೆನೆಸಿಸ್ ಬಂದದ್ದು 1985ರಲ್ಲಿ. ಅದಕ್ಕೂ ಮುಂಚೆ ಗ್ಯಾಸ್ ಗ್ರಿಲ್ ಅಂದ್ರೆ ಬರ್ನರ್ ಮೇಲೆ ಲಾವಾ ಕಲ್ಲು ಸುರಿಯುತ್ತಿದ್ದರು, ಕಲ್ಲಿನಲ್ಲಿ ಜಿಡ್ಡು ನಿಂತು ಭಗ್ ಅಂತ ಹತ್ತಿಕೊಳ್ಳುತ್ತಿತ್ತು. ಜೆನೆಸಿಸ್‌ನಲ್ಲಿ ಕಲ್ಲಿನ ಬದಲು ಮನೆಯ ಮಾಡಿನ ಆಕಾರದ ಲೋಹದ ಪಟ್ಟಿ ಬಂದವು. ಬಿದ್ದ ಎಣ್ಣೆ ಅದರ ಮೇಲೆ ಹೊಗೆಯಾಗುತ್ತದೆ, ಉಳಿದದ್ದು ಜಾರಿ ಕೆಳಗಿನ ತಟ್ಟೆಗೆ ಹೋಗುತ್ತದೆ.

ತೊಂಬತ್ತರ ದಶಕದ 1000ದಿಂದ 5000ದವರೆಗಿನ ನಂಬರಿನ ಮಾಡೆಲ್‌ಗಳು ನನಗೆ ತುಂಬಾ ಇಷ್ಟ. ಮೂರು ಬರ್ನರ್, ಎಡದಿಂದ ಬಲಕ್ಕೆ ಮಲಗಿರುತ್ತವೆ. ಒಟ್ಟು 36,000 ಬಿಟಿಯು, ಅಂದ್ರೆ ಗಂಟೆಗೆ ಎಷ್ಟು ಶಾಖ ಕೊಡುತ್ತದೆ ಅನ್ನೋ ಅಳತೆ. ಅಷ್ಟೇನಾ ಅಂದ್ರೆ ಅಷ್ಟೇ ಸಾಕು, ದಪ್ಪ ಅಲ್ಯೂಮಿನಿಯಂ ಶಾಖ ಹಿಡಿದಿಡುತ್ತದೆ. ಬರ್ನರ್ ಮೇಲಿನ ಲೋಹದ ಪಟ್ಟಿಗಳು 13 ಇರುತ್ತವೆ, ಎರಡು ಸಾಲಿನಲ್ಲಿ, ಹಾಗಾಗಿ ಜಾಲರಿಯ ಮೂಲೆಯಲ್ಲಿಟ್ಟ ಪನೀರೂ ಬೇಯುತ್ತದೆ. ಕೆಲಸವೂ ಇದರಲ್ಲೇ ಜಾಸ್ತಿ. ಮರ ಬೂದು ಬಣ್ಣಕ್ಕೆ ತಿರುಗಿ ಸೀಳು ಬಿಟ್ಟಿರುತ್ತದೆ, ಪಟ್ಟಿ ಅಳತೆಗೆ ಕೊಯ್ದು ಎಣ್ಣೆ ಹಚ್ಚಿ ಕೂರಿಸಬೇಕು. ನಾನು ದೇವದಾರು ಹಾಕಿದೆ, 30 ಡಾಲರ್ ಆಯ್ತು, ಒಂದು ಭಾನುವಾರ ಹೋಯ್ತು. ಸುಮ್ನೆ ಕೈಕೆಲಸ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮುಂದಿನ ಶನಿವಾರವೇ ಪಾರ್ಟಿ ಇದೆ ಅನ್ನುವವರು ತರಬೇಡಿ.

ಇದರಲ್ಲಿ ನಿಜವಾಗಿ ಹೆದರಬೇಕಾದದ್ದು ಬೋಲ್ಟಿಗೆ. ಅಲ್ಯೂಮಿನಿಯಂ ಪೆಟ್ಟಿಗೆ, ಕಬ್ಬಿಣದ ಬೋಲ್ಟು, ಮಧ್ಯೆ ಮಳೆನೀರು. ಎರಡು ಬೇರೆ ಲೋಹ ಹಾಗೆ ಒದ್ದೆಯಲ್ಲಿ ಕೂತರೆ ಅಲ್ಯೂಮಿನಿಯಂ ಸವೆದು, ಬಿಳಿ ಪುಡಿ ಕಟ್ಟಿಕೊಂಡು ಬೆಸುಗೆ ಹಾಕಿದ ಹಾಗೆ ಹಿಡಿದುಬಿಡುತ್ತವೆ. ಮೊದಲ ಸಲ ನಾನು ಸ್ಪ್ಯಾನರ್ ಹಾಕಿ ಜೋರಾಗಿ ತಿರುಗಿಸಿದೆ. 'ಟಕ್' ಅಂತ ಸಣ್ಣ ಶಬ್ದ. ಬೋಲ್ಟಿನ ತಲೆ ನನ್ನ ಕೈಯಲ್ಲಿ, ದೇಹ ಪೆಟ್ಟಿಗೆಯೊಳಗೆ. ಅದನ್ನ ಡ್ರಿಲ್ ಮಾಡಿ ತೆಗೆಯೋಕೆ ಎರಡು ಸಂಜೆ ಹಿಡಿಯಿತು. ಈಗ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಡುತ್ತೇನೆ, ಮಾರನೇ ದಿನ ಇನ್ನೊಮ್ಮೆ. ಆಮೇಲೆ ಬೋಲ್ಟಿನ ಸುತ್ತ ಸ್ವಲ್ಪ ಬಿಸಿ ಮಾಡಿ, ಹಿಂದೆ ಮುಂದೆ ಹಿಂದೆ ಮುಂದೆ ಅಂತ ಕಾಲು ಸುತ್ತು ಆಡಿಸುತ್ತಾ ತೆಗೆಯುತ್ತೇನೆ. ಎಣ್ಣೆ ಪೂರ್ತಿ ಒರೆಸಿದ ಮೇಲೇ ಬೆಂಕಿ, ಅದನ್ನ ಮರೀಬೇಡಿ. ಅಥವಾ ಪೆಟ್ಟಿಗೆಯನ್ನ ಬಿಚ್ಚಲೇಬೇಡಿ. ಫ್ರೇಮ್ ಗಟ್ಟಿ ಇದ್ದರೆ ಕೂತಲ್ಲೇ ಕೆರೆದು ತೊಳೆಯಬಹುದು, ಯಾರೂ ಪದಕ ಕೊಡಲ್ಲ.

ಸಿಲ್ವರ್ ಬಿ, ಸಿಲ್ವರ್ ಸಿ, ಮತ್ತೆ ಪುಟ್ಟ ಸಿಲ್ವರ್ ಎ

2000ದ ಆಸುಪಾಸಿನಲ್ಲಿ ಬಂದ ಮಾಡೆಲ್‌ಗಳು. ಬಿ ಮತ್ತು ಸಿ ಒಲೆಯ ಮಟ್ಟಿಗೆ ಹಳೇ ಜೆನೆಸಿಸ್ಸೇ, ಅದೇ ಮೂರು ಬರ್ನರ್, ಅದೇ 36,000. 13 ಪಟ್ಟಿಯ ಬದಲು 5 ಅಗಲದ ಪಟ್ಟಿ ಬಂತು, ಬಿಚ್ಚಿ ತೊಳೆಯೋಕೆ ಸಲೀಸು. ಬಿಡಿಭಾಗ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಇವಕ್ಕೇ, ವೆಬರ್ ಅಲ್ಲದೆ ಬೇರೆಯವರು ಮಾಡಿದ ಸ್ಟೇನ್‌ಲೆಸ್ ಪಟ್ಟಿ, ಬರ್ನರ್ ಎಲ್ಲ ಮನೆ ಬಾಗಿಲಿಗೆ ಬರುತ್ತವೆ. ನಾನು ನೋಡಿದ ಸಿಲ್ವರ್‌ಗಳಲ್ಲಿ ಫ್ರೇಮಿನ ಕೆಳಭಾಗ ಹಳೇ ಜೆನೆಸಿಸ್‌ಗಿಂತ ಜಾಸ್ತಿ ತುಕ್ಕು ಹಿಡಿದಿತ್ತು. ಸ್ಕ್ರೂಡ್ರೈವರ್ ಪರೀಕ್ಷೆಯನ್ನ ಇದರಲ್ಲಿ ಇನ್ನೂ ನಿಷ್ಠೆಯಿಂದ ಮಾಡಿ.

ಮೊದಲ ಸಲ ಕೈ ಹಾಕುವವರಿಗೆ, ಸಸ್ಯಾಹಾರಿ ಮನೆಯವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಸಿಲ್ವರ್ ಬಿ. ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಆಹಾರ ಮುಟ್ಟುವುದೆಲ್ಲ ಹೊಸದು ಹಾಕಿದರೂ ಕೈ ಕಚ್ಚಲ್ಲ.

ಸಿಲ್ವರ್ ಎ ಚಿಕ್ಕದು, ಎರಡೇ ಬರ್ನರ್. ಇಬ್ಬರು ಮೂವರು ಇರುವ ಮನೆಗೆ, ಟೌನ್‌ಹೌಸಿನ ಗೇಣಗಲದ ಹಿತ್ತಲಿಗೆ ಸರಿ. ಎಷ್ಟೋ ಜನ ಅದನ್ನೇ ಬಿ ಅಂದುಕೊಂಡು ಮಾರುತ್ತಾರೆ, ಕೊಳ್ಳುವವರೂ ಹಾಗೇ ಕೊಳ್ಳುತ್ತಾರೆ. ಎ ಮಾಡೆಲಿನ ಪಟ್ಟಿ 21.5 ಇಂಚು, ಬಿ ಮಾಡೆಲಿನದ್ದು 22.5 ಇಂಚು. ಒಂದೇ ಒಂದು ಇಂಚು. ಟೇಪ್ ಹಿಡಿಯದೆ ಆರ್ಡರ್ ಮಾಡಿದರೆ ಪಾರ್ಸೆಲ್ ಬಂದ ದಿನ ನಿಮ್ಮ ಮುಖ ನೋಡಬೇಕು.

ಇ-310 ಮತ್ತು ಅದರ ಮನೆಯವರು

ಇದೂ ವೆಬರ್ ಜೆನೆಸಿಸ್ಸೇ, 2007ರಿಂದ ಬಂದದ್ದು. ನೋಡೋಕೆ ಇವತ್ತಿನ ಗ್ರಿಲ್ ಥರ, ಕೆಳಗೆ ಬಾಗಿಲಿರುವ ಕಪಾಟು. ಇದರಲ್ಲೇ ಎರಡು ಪಂಗಡ. 2010ರವರೆಗಿನದಕ್ಕೆ ಉರಿ ಏರಿಸಿ ಇಳಿಸುವ ಗುಂಡಿಗಳು ಬಲಬದಿಯಲ್ಲಿ, ಬರ್ನರ್ ಎಡದಿಂದ ಬಲಕ್ಕೆ. 2011ರಿಂದ ಗುಂಡಿಗಳು ಮುಂದೆ ಬಂದವು, ಬರ್ನರ್‌ಗಳು ಮುಂದಿನಿಂದ ಹಿಂದಕ್ಕೆ ತಿರುಗಿದವು. ಪಟ್ಟಿಯ ಅಳತೆಯೂ 24.5 ಇಂಚಿನಿಂದ 17.5ಕ್ಕೆ ಇಳಿಯಿತು.

ಈ ತಿರುಗಿದ್ದರಲ್ಲಿ ಏನಿದೆ ಅಂತ ಅಂದುಕೊಳ್ಳಬೇಡಿ, ನಮ್ಮ ಪಾರ್ಟಿಗಳಿಗೆ ಅದೇ ದೊಡ್ಡ ವಿಷಯ. ಗುಂಡಿ ಮುಂದಿರುವ ಗ್ರಿಲ್‌ನಲ್ಲಿ ಎಡಗಡೆ ಸಣ್ಣ ಉರಿ, ಬಲಗಡೆ ದೊಡ್ಡ ಉರಿ ಇಡಬಹುದು. ಎಡಗಡೆಯ ಜಾಲರಿ ಜೋಳ, ದೊಣ್ಣೆಮೆಣಸಿನಕಾಯಿ, ಪನೀರಿಗೆ, ಬಲಗಡೆಯದು ಕೋಳಿಗೆ. ಎರಡು ಇಕ್ಕಳ ಇಟ್ಟರೆ ಜಗಳವಿಲ್ಲ. ಹಳೇ ಥರದಲ್ಲಿ ಜಾಲರಿ ಬೇರೆ ಮಾಡಬಹುದು, ಉರಿ ಬೇರೆ ಮಾಡೋಕಾಗಲ್ಲ, ಅಲ್ಲಿ ಮುಂದಿನ ಉರಿ, ಮಧ್ಯದ ಉರಿ, ಹಿಂದಿನ ಉರಿ. ಹತ್ತು ಹದಿನೈದು ಜನ ಆಗಾಗ ಸೇರುವ ಮನೆ, ಅರ್ಧ ಜನ ಸಸ್ಯಾಹಾರಿಗಳು ಅಂದ್ರೆ 2011ರ ನಂತರದ್ದನ್ನೇ ಹುಡುಕಿ. ಬೆಲೆ ಸ್ವಲ್ಪ ಜಾಸ್ತಿ, 150ರಿಂದ 250 ಡಾಲರ್ ಕೇಳುತ್ತಾರೆ. ಕಪಾಟಿನ ತಳ ತುಕ್ಕು ಹಿಡಿಯುವುದು ಇದರ ಕಾಯಿಲೆ, ಬಾಗಿಲು ತೆಗೆದು ಸಿಲಿಂಡರ್ ಆಚೆ ಇಡಿಸಿ ನೋಡಿ.

ಉಳಿದವು

ವೆಬರ್ ಸಮ್ಮಿಟ್ ದೊಡ್ಡವರ ಮನೆಯ ಗ್ರಿಲ್. ನಾಲ್ಕರಿಂದ ಆರು ಬರ್ನರ್, ಆನೆಯಷ್ಟು ಭಾರ. ಹೊಸದಕ್ಕೆ ಸಾವಿರಾರು ಡಾಲರ್ ಕೊಟ್ಟವರು ಮನೆ ಬದಲಾಯಿಸುವಾಗ 200ಕ್ಕೆ ಕೊಟ್ಟುಬಿಡುತ್ತಾರೆ, ಆಸೆ ಆಗುತ್ತದೆ ನಿಜ. ಆದರೆ ಬರ್ನರ್, ಜಾಲರಿ, ಪಟ್ಟಿ ಎಲ್ಲ ದೊಡ್ಡ ಲೆಕ್ಕ, ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಒಳಗೆಲ್ಲ ಸರಿ ಇದ್ದು ಬರೀ ಕೊಳೆ ಹಿಡಿದಿದ್ದರೆ ಮಾತ್ರ ತನ್ನಿ. ಟ್ರಕ್ಕು, ನಾಲ್ಕು ಜನ ಬೇಕು.

ಬ್ರಾಯಿಲ್‌ಮಾಸ್ಟರ್ ಪಿ3 ಅಂತ ಒಂದಿದೆ, ಹಳೇ ಮನೆ ಕೊಂಡವರ ಹಿತ್ತಲಲ್ಲಿ ನೆಲದಲ್ಲಿ ಹೂತ ಒಂಟಿ ಕಂಬದ ಮೇಲೆ ಕೂತಿರುತ್ತದೆ. ಇದೂ ದಪ್ಪ ಅಲ್ಯೂಮಿನಿಯಂ, ಬರ್ನರ್ ಮಾತ್ರ ಒಂದೇ, ಬೋ ಟೈ ಆಕಾರದ್ದು, 40,000 ಬಿಟಿಯು. ಜಾಲರಿಯನ್ನ ಎತ್ತರ ತಗ್ಗು ಮಾಡಬಹುದು, ರೊಟ್ಟಿಯನ್ನ ಕೆಂಡದ ಹತ್ತಿರ ದೂರ ಹಿಡಿದ ಹಾಗೆ. ಬಿಡಿಭಾಗ ಇನ್ನೂ ಸಿಗುತ್ತದೆ, ಅಗ್ಗವಲ್ಲ. ನಿಮ್ಮ ಮನೆಯ ಜೊತೆಗೇ ಇದು ಬಂದಿದ್ದರೆ ಕಿತ್ತು ಬಿಸಾಡಬೇಡಿ, ಅದನ್ನೇ ಸರಿ ಮಾಡಿ. ಬೇರೆಯವರ ಹಿತ್ತಲಿಂದ ಕಿತ್ತು ತರುವುದಾದರೆ ಮಾತ್ರ ಯೋಚಿಸಿ. ಬಹಳಷ್ಟು ಮನೆಯ ಗ್ಯಾಸ್ ಪೈಪಿಗೆ ಸೇರಿರುತ್ತವೆ, ಆ ಪೈಪು ಬಿಚ್ಚುವುದು ಪ್ಲಂಬರ್ ಕೆಲಸ.

ಹೆಸರಿಲ್ಲದ ಹೊಳೆಯುವ ತಗಡಿನ ಗ್ರಿಲ್ ಬಗ್ಗೆ ಮೇಲೇ ಹೇಳಿದೆ. ಗುಜರಿ.

ದುಡ್ಡಿನ ಲೆಕ್ಕ

ನಮ್ಮನೆಯ ಜೆನೆಸಿಸ್ 1000ಕ್ಕೆ ಆದದ್ದು: ಗ್ರಿಲ್ 40, ಬರ್ನರ್ 45, ಪಟ್ಟಿ 50, ಜಾಲರಿ 60, ಪೈಪು ಮತ್ತು ರೆಗ್ಯುಲೇಟರ್ 25, ಪೇಂಟ್ 10, ಮರ 30. ಒಟ್ಟು 260 ಡಾಲರ್. ಇದೇ ದುಡ್ಡಿಗೆ ಅಂಗಡಿಯಲ್ಲಿ ಹೊಸ ತಗಡಿನ ಗ್ರಿಲ್ ಬರುತ್ತದೆ, ಅದನ್ನ ಮೂರ್ನಾಲ್ಕು ಚಳಿಗಾಲ ಹೊರಗೆ ಬಿಟ್ಟರೆ ಏನಾಗುತ್ತೆ ಅಂತ ಮೇಲೇ ನೋಡಿದೆವಲ್ಲ. ಎಲ್ಲ ಹೊಸದು ಹಾಕಲೇಬೇಕು ಅಂತಿಲ್ಲ. ಮಾಂಸ ತಿನ್ನುವ ಮನೆಯಾದರೆ ಹಳೇ ಜಾಲರಿ ಕೆರೆದು ಬಳಸಬಹುದು, 100 ಡಾಲರ್‌ನಲ್ಲೂ ಮುಗಿಯುತ್ತದೆ. ನಿಮ್ಮ ಸಮಯಕ್ಕೆ ಗಂಟೆಗಿಷ್ಟು ಅಂತ ಲೆಕ್ಕ ಹಾಕುವವರಾದರೆ ಮಾತ್ರ ಇದು ನಷ್ಟದ ವ್ಯಾಪಾರ, ಈಗಲೇ ಹೇಳಿಬಿಡುತ್ತೇನೆ.

ಪೈಪು, ರೆಗ್ಯುಲೇಟರ್‌ನಲ್ಲಿ ಮಾತ್ರ ಜಿಪುಣತನ ಬೇಡ, ಹೊಸದೇ ಹಾಕಿ. ಸಿಲಿಂಡರ್ ಜೊತೆಗೆ ಕೊಟ್ಟರೆ ಮೇಲಿನ ಗುಂಡಿ ನೋಡಿ. ತ್ರಿಕೋನ ಇದ್ದರೆ ಜಾಸ್ತಿ ತುಂಬದ ಹಾಗೆ ತಡೆಯುವ ವಾಲ್ವ್ ಇದೆ ಅಂತ ಅರ್ಥ. 2002ರಿಂದ ಅದಿಲ್ಲದ ಗ್ರಿಲ್ ಸಿಲಿಂಡರನ್ನ ಯಾರೂ ತುಂಬಿಕೊಡುವುದಿಲ್ಲ. ನಮ್ಮೂರಿನ 14.2 ಕೆಜಿ ಸಿಲಿಂಡರ್ ಕಂಡವರಿಗೆ ಇಲ್ಲಿನ 20 ಪೌಂಡಿನದ್ದು ಆಟದ ಸಾಮಾನು, ತುಂಬಿದರೆ 9 ಕೆಜಿ. ಅಂಗಡಿ ಮುಂದೆ ಸಿಲಿಂಡರ್ ಇಟ್ಟಿರುವ ಬೋನಿನಲ್ಲಿ ಖಾಲಿ ಕೊಟ್ಟು ತುಂಬಿದ್ದು ಬದಲಾಯಿಸಿಕೊಂಡರೆ ಸಾಮಾನ್ಯವಾಗಿ 15 ಪೌಂಡೇ ಇರುತ್ತದೆ, ತುಂಬಿಸುವ ಕಡೆ ಹೋದರೆ ಲಾಭ.

ಮಾರುವವರ ಮನೆಯಲ್ಲಿ

ಮುಚ್ಚಳದ ಒಳಗೆ ಪೇಂಟ್ ಎದ್ದ ಹಾಗೆ ಕಪ್ಪು ಪದರ ನೇತಾಡುತ್ತಿರುತ್ತದೆ. ಮಾರುವವರೂ ನಾಚಿಕೊಂಡು ಬೆಲೆ ಇಳಿಸುತ್ತಾರೆ. ಅದು ಪೇಂಟ್ ಅಲ್ಲ, ಹೊಗೆ ಜಿಡ್ಡು ಸೇರಿ ಕಟ್ಟಿದ ಕಿಟ್ಟ. ಪ್ಲಾಸ್ಟಿಕ್ ಕೆರೆಯುವ ಪಟ್ಟಿ ಹಾಕಿದರೆ ಸಿಪ್ಪೆಯ ಥರ ಎದ್ದು ಬರುತ್ತದೆ. ಮುಚ್ಚಳದ ಹೊರಗಿನ ಎನಾಮೆಲ್ ಚಕ್ಕೆ ಎದ್ದಿದ್ದರೆ ಮಾತ್ರ ಅದು ಮನೆಯಲ್ಲಿ ಸರಿಯಾಗುವುದಲ್ಲ. ತೊಳೆಯುವಾಗ ಓವನ್ ಕ್ಲೀನರ್ ಹಾಕಬೇಡಿ, ಅದರಲ್ಲಿರುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ. ಬಿಸಿನೀರು, ಪಾತ್ರೆ ಸೋಪು, ಸ್ವಲ್ಪ ತಾಳ್ಮೆ ಸಾಕು.

ಹಚ್ಚಿ ತೋರಿಸಿ ಅನ್ನಿ. ಜ್ವಾಲೆ ನೀಲಿ ಇದ್ದು ತುದಿ ಸ್ವಲ್ಪ ಹಳದಿ ಇದ್ದರೆ ಸರಿ. ಪೂರ್ತಿ ಹಳದಿ, ಸೋಮಾರಿ ಜ್ವಾಲೆ ಬಂದರೆ ಎಷ್ಟೋ ಸಲ ಬರ್ನರ್ ಕೊಳವೆಯೊಳಗೆ ಜೇಡ ಬಲೆ ಕಟ್ಟಿರುತ್ತದೆ, ಬ್ರಷ್ ಹಾಕಿದರೆ ಹೋಗುತ್ತದೆ. ಆದರೆ ಬ್ರಷ್ ಹಾಕುವವರೆಗೆ ಮತ್ತೆ ಹಚ್ಚಬೇಡಿ, ಬಲೆ ಇದ್ದರೆ ಬೆಂಕಿ ಹಿಂದಕ್ಕೆ ಗುಂಡಿಯ ಕಡೆ ಬರಬಹುದು. ಎಲ್ಲ ಬರ್ನರ್ ಕುಂಯ್ ಅಂತ ಸಣ್ಣಗೆ ಉರಿದರೆ ರೆಗ್ಯುಲೇಟರ್ ಮುನಿಸಿಕೊಂಡಿರಬಹುದು. ಗುಂಡಿ, ಸಿಲಿಂಡರ್ ಎಲ್ಲ ಬಂದ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಸಿಲಿಂಡರನ್ನ ನಿಧಾನಕ್ಕೆ ತಿರುಗಿಸಿದರೆ ಸರಿಯಾಗುತ್ತದೆ. ಮನೆಗೆ ತಂದು ಜೋಡಿಸಿದ ಮೇಲೆ ಸೋಪಿನ ನೀರಿನ ಪರೀಕ್ಷೆ ಹೇಗೂ ಗೊತ್ತಲ್ಲ, ಅಮ್ಮ ಅಡುಗೆಮನೆಯಲ್ಲಿ ಮಾಡುತ್ತಿದ್ದದ್ದೇ. ಜಾಯಿಂಟಿಗೆ ನೊರೆ ಹಚ್ಚಿ, ಗುಳ್ಳೆ ಎದ್ದರೆ ಗ್ರಿಲ್ ಹೊತ್ತಿಸಬೇಡಿ.

ಅಂದಹಾಗೆ ಗೆಳೆಯ ಮೂರನೇದನ್ನ ಬಿಟ್ಟ. ಸಿಲ್ವರ್ ಬಿ ತಂದ, 100 ಕೇಳಿದ್ದನ್ನ 80ಕ್ಕೆ ಇಳಿಸಿದನಂತೆ. ಶುಕ್ರವಾರ ರಾತ್ರಿ ಹೊಸ ಪಟ್ಟಿಯ ಫೋಟೋ ಕಳಿಸಿದ, ಯಾಕೋ ಒಂದು ಕಡೆಗೆ ಜಾರಿ ಬೀಳ್ತಿವೆ ಗುರು ಅಂತ. ಡಬ್ಬಿ ಮೇಲೆ ಏನು ಬರೆದಿದೆ ನೋಡು ಅಂದೆ. 21.5.